ಲಿನಕ್ಸ್‌ನಲ್ಲಿ ಅರೆಬೆಂದ ಕೋಡ್‌ಗೆ ಜಾಗ ಎಲ್ಲಿ?

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು: ಲಿನಕ್ಸ್‌ಗೆ ಯಾರು ಬೇಕಾದರೂ ಕೋಡ್ ಕಳಿಸಬಹುದಾದರೆ, ಅದು ಕೆಡದೆ ಉಳಿದಿರುವುದು ಹೇಗೆ? ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಆದರೂ ತಿಳಿದಿರಲಿ.

ಮೊದಲಿನ ಪದ್ಧತಿ ಆವೃತ್ತಿ ಸಂಖ್ಯೆಯಲ್ಲೇ ಇತ್ತು. ಎರಡನೆಯ ಅಂಕಿ ಸಮವಾದರೆ ಬಳಕೆಗೆ, ಬೆಸವಾದರೆ ಪ್ರಯೋಗಕ್ಕೆ. 2.4 ಎಲ್ಲರಿಗೆ, 2.5 ಕೋಡ್ ಬರೆಯುವವರಿಗೆ. ಆದರೆ 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ಅಷ್ಟು ದಿನ ಯಾರು ಕಾಯುತ್ತಾರೆ? ಕಂಪನಿಗಳು 2.5ರ ತುಣುಕುಗಳನ್ನು ತಾವೇ ತೆಗೆದು 2.4ಕ್ಕೆ ಹೊಲಿದುಕೊಂಡವು. ಆಮೇಲೆ ಈ ಸಮ-ಬೆಸ ಪದ್ಧತಿಯನ್ನೇ ಕೈಬಿಟ್ಟರು.

ಇನ್ನೊಂದು ಉಪಾಯ ‘ಎಕ್ಸ್‌ಪೆರಿಮೆಂಟಲ್’ ಎಂಬ ಆಯ್ಕೆ. ಚೀಟಿ ಅಂಟಿಸಿದವರು ಅದನ್ನು ಕೀಳಲು ಮರೆತರು. ವರ್ಷಗಟ್ಟಲೆ ಬಳಕೆಯಲ್ಲಿದ್ದ ಕೋಡ್‌ಗೂ ಅದೇ ಚೀಟಿ! ಹಾಗಾಗಿ ಹೆಚ್ಚಿನ ವಿತರಣೆಗಳು ಆ ಆಯ್ಕೆಯನ್ನು ಆನ್ ಮಾಡಿಯೇ ಇಡುತ್ತಿದ್ದವು. 2013ರಲ್ಲಿ, 3.9ನೇ ಆವೃತ್ತಿಯಲ್ಲಿ, ಅದಕ್ಕೂ ವಿದಾಯ.

ನನಗೆ ಹಿಡಿಸಿದ್ದು ಮೂರನೆಯದು. 2008ರಲ್ಲಿ 2.6.28ರೊಂದಿಗೆ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ‘ಸ್ಟೇಜಿಂಗ್’ ಎಂಬ ಫೋಲ್ಡರ್ ತಂದರು. ಗುಣಮಟ್ಟ ಮುಟ್ಟದ ಡ್ರೈವರ್‌ಗಳು ಅಲ್ಲಿರಬಹುದು, ಆದರೆ ಏನೇನು ಕೆಲಸ ಬಾಕಿ ಎಂಬ ‘ಟುಡು’ ಕಡತ ಜೊತೆಗಿರಬೇಕು. ಅಂಥ ಡ್ರೈವರ್ ಲೋಡ್ ಆದರೆ ಕರ್ನೆಲ್ ತನ್ನ ಮೇಲೆ ತಾನೇ ‘ಸಿ’ ಗುರುತು ಹಾಕಿಕೊಳ್ಳುತ್ತದೆ. (ಆ ‘ಸಿ’ ‘ಕ್ರ್ಯಾಪ್’ ಎಂಬ ಪದದ್ದು, ಅಷ್ಟೇನೂ ಸಭ್ಯ ಹೆಸರಲ್ಲ.) ಮುಂದೆ ಸಿಸ್ಟಂ ಕುಸಿದರೆ ದೋಷದ ವರದಿಯಲ್ಲಿ ಆ ಗುರುತು ಕಾಣುತ್ತದೆ, ತಪ್ಪು ಹುಡುಕುವವರ ಸಮಯ ಉಳಿಯುತ್ತದೆ. ಕರ್ನೆಲ್‌ನ ‘ಟೇಂಟೆಡ್’ ಕಡತದಲ್ಲಿ ಇದರ ಬೆಲೆ 1024, ಅಂದರೆ 2ರ 10ನೇ ಘಾತ. ಬೈನರಿ ಪಾಠ ಓದಿದವರಿಗೆ ಏಕೆಂದು ಹೊಳೆಯುತ್ತದೆ.

ಅಲ್ಲಿ ಬಂದು ಕೂತರೆ ಸಾಲದು. ಆಂಡ್ರಾಯ್ಡ್‌ನ ಡ್ರೈವರ್‌ಗಳು 2.6.29ರಲ್ಲಿ ಬಂದವು. ನೋಡಿಕೊಳ್ಳುವವರಿಲ್ಲದೆ 2.6.33ರಲ್ಲಿ ಹೊರಬಿದ್ದವು! ಕೋಟಿಗಟ್ಟಲೆ ಫೋನ್‌ಗಳಿಗೆ ಬೇಕಾದ ಕೋಡ್ ಎಂಬ ದಾಕ್ಷಿಣ್ಯ ಯಾರೂ ತೋರಲಿಲ್ಲ. 2012ರಲ್ಲಿ 3.3ರೊಂದಿಗೆ ಮರಳಿ ಬಂದವು. ಇನ್ನೊಂದೆಡೆ ಇಆರ್‌ಒಎಫ್‌ಎಸ್ ಎಂಬ ಫೈಲ್ ಸಿಸ್ಟಂ 2018ರಲ್ಲಿ ಸ್ಟೇಜಿಂಗ್‌ಗೆ ಬಂದು, ಮರುವರ್ಷವೇ 5.4ರಲ್ಲಿ ಮುಖ್ಯ ಜಾಗಕ್ಕೆ ಬಡ್ತಿ ಪಡೆಯಿತು.

ಹೊಸಬರು ಮೊದಲ ಪ್ಯಾಚ್ ಕಳಿಸಲು ಆರಿಸಿಕೊಳ್ಳುವುದೂ ಸಾಮಾನ್ಯವಾಗಿ ಇದೇ ಫೋಲ್ಡರನ್ನು. ಸಿ ಭಾಷೆ ಬಲ್ಲವರು ಪ್ರಯತ್ನಿಸಬಹುದು. ಒಂದು ಟುಡು ಕಡತ ಓದಿ, ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸಿ, ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಮಾಡಿ, ಏಕೆ ಮಾಡಿದಿರೆಂದು ಬರೆಯಿರಿ. ಕೊನೆಯಲ್ಲಿ ನಿಮ್ಮ ಹೆಸರಿನ ‘ಸೈನ್ಡ್-ಆಫ್-ಬೈ’ ಸಾಲು ಇರಲಿ; ಅದಿಲ್ಲದ ಪ್ಯಾಚನ್ನು ತೆಗೆದುಕೊಳ್ಳುವುದಿಲ್ಲ.