ಟಗರು ಮರಿಗಳ ಕೊಬ್ಬಿಸುವಿಕೆ: ಮೊದಲ ಹದಿನೈದು ದಿನಗಳ ಆಹಾರ ಕ್ರಮ



ಬಕ್ರೀದ್ ಸಂತೆಯನ್ನು ಗಮನದಲ್ಲಿರಿಸಿ, ಸಾಲ ಪಡೆದು ಟಗರು ಮರಿಗಳನ್ನು ಕೊಂಡು ಕೊಟ್ಟಿಗೆಯಲ್ಲಿಯೇ ಮೇಯಿಸುವ ಕುಟುಂಬಗಳು ತಮ್ಮ ಗ್ರಾಮಗಳಲ್ಲಿಯೂ ಇರಬಹುದು. ಇಂಥವರ ನಷ್ಟಕ್ಕೆ ಕಾರಣ ಸಂತೆಯ ದರವೊಂದೇ ಅಲ್ಲ. ಮರಿ ಮನೆಗೆ ಬಂದ ಮೊದಲ ದಿನಗಳಲ್ಲಿ ಸುರಿದ ಮೆಕ್ಕೆಜೋಳವೂ ಹೌದು.

ಬಯಲಿನ ಹುಲ್ಲು ಮೇಯ್ದು ಬಂದ ಮರಿಯ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಅಧಿಕವಾಗಿರುತ್ತವೆ. ಒಮ್ಮೆಲೇ ಧಾನ್ಯ ನೀಡಿದರೆ ಹೊಟ್ಟೆಯಲ್ಲಿ ಆಮ್ಲ ಉಕ್ಕುತ್ತದೆ. ಮರಿ ಮೇವು ಬಿಡುತ್ತದೆ, ಎಡಪಕ್ಕೆ ಉಬ್ಬುತ್ತದೆ, ಹುಳಿ ವಾಸನೆಯ ತೆಳು ಭೇದಿಯಾಗುತ್ತದೆ, ತಡವಾದರೆ ಸಾಯುತ್ತದೆ. ಚಿಹ್ನೆ ಕಂಡೊಡನೆ ಧಾನ್ಯ ನಿಲ್ಲಿಸಿ ಪಶುವೈದ್ಯರನ್ನು ಕರೆಸತಕ್ಕದ್ದು.

ಆದುದರಿಂದ ಮೊದಲ ಮೂರು ದಿನ ಒಣಮೇವು ಮತ್ತು ನೀರು ಮಾತ್ರ ಸಾಕು. ತೊಗರಿ ಹೊಟ್ಟು, ಶೇಂಗಾ ಬಳ್ಳಿ ಉತ್ತಮ. ನಂತರ ದಿನಕ್ಕೆ 50 ಗ್ರಾಂ ದಾಣಿಯಿಂದ ಆರಂಭಿಸಿ, ಪ್ರತಿ ಮೂರು ದಿನಕ್ಕೊಮ್ಮೆ 50 ಗ್ರಾಂ ಹೆಚ್ಚಿಸುತ್ತ 250 ಗ್ರಾಂಗೆ ತಲುಪಬೇಕು. ಇದನ್ನು ಬೆಳಿಗ್ಗೆ, ಸಂಜೆ ಎಂದು ಎರಡು ಪಾಲು ಮಾಡಬೇಕು. ಹಬ್ಬ ಸಮೀಪಿಸಿತೆಂಬ ಆತುರ ಇಲ್ಲಿ ನಡೆಯದು.

ಧಾನ್ಯ ಹೆಚ್ಚಿದಂತೆ ಕರುಳುಬೇನೆಯ ಅಪಾಯವೂ ಹೆಚ್ಚುತ್ತದೆ. ಚೆನ್ನಾಗಿ ತಿನ್ನುವ ಪುಷ್ಟ ಮರಿಯೇ ರಾತ್ರಿ ಬೆಳಗಾಗುವುದರೊಳಗೆ ಸತ್ತುಬಿದ್ದಿರುತ್ತದೆ. ಲಸಿಕೆ ಹಾಕಿದ ದಿನವೇ ರಕ್ಷಣೆ ದೊರೆಯದು. ಹಿಂದೆ ಲಸಿಕೆ ಪಡೆಯದ ಮರಿಗೆ ಎರಡು–ಮೂರು ವಾರಗಳ ಅಂತರದಲ್ಲಿ ಎರಡನೆಯ ಚುಚ್ಚುಮದ್ದೂ ಅವಶ್ಯ.

ಗಂಡು ಮರಿಗಳಲ್ಲಿ ಇನ್ನೊಂದು ತೊಡಕುಂಟು. ಗೋಧಿ ಬೂಸಾ ಹಾಗೂ ಧಾನ್ಯಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಇವನ್ನೇ ನೆಚ್ಚಿದರೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಖನಿಜ ಮಿಶ್ರಣ, ಉಪ್ಪು, ಸದಾ ಶುದ್ಧ ನೀರು ಇರಬೇಕು.

ಲಾಭದ ಲೆಕ್ಕ ಸರಳ. 20 ಕಿಲೋ ತೂಕದ ಮರಿ ದಿನಕ್ಕೆ ಸುಮಾರು 800 ಗ್ರಾಂ ಒಣ ಆಹಾರ ತಿಂದು 130 ಗ್ರಾಂ ಬೆಳೆದರೆ, ಒಂದು ಕಿಲೋ ತೂಕಕ್ಕೆ ಸುಮಾರು ಆರು ಕಿಲೋ ಆಹಾರ ತಗಲುತ್ತದೆ. ಮರಿ ಬಲಿತಂತೆ ಮಾಂಸಕ್ಕಿಂತ ಕೊಬ್ಬು ಹೆಚ್ಚಾಗಿ ಸೇರುವುದರಿಂದ ಈ ಪ್ರಮಾಣ ಏರುತ್ತದೆ. ಕಣ್ಣಳತೆ ಇದನ್ನು ತೋರಿಸಿಕೊಡದು. ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಲು ಗ್ರಾಮದ ಸ್ವಸಹಾಯ ಸಂಘದಲ್ಲಿ ಒಂದು ತೂಗುತಕ್ಕಡಿ ಇರುವಂತೆ ಸದಸ್ಯರು ನೋಡಿಕೊಳ್ಳುವುದು. ಮರಿ ಕೊಳ್ಳುವ ಮುನ್ನವೇ ಲಸಿಕೆಯ ದಿನಾಂಕವನ್ನು ಪಶುವೈದ್ಯಾಧಿಕಾರಿಗಳೊಡನೆ ಗೊತ್ತುಪಡಿಸುವುದು.