ಖರ್ಚಿಗೊಂದು ಕೋಡ್: ನಮ್ಮ ಲೆಕ್ಕಪತ್ರ ಓದುವ ಬಗೆ



ಈ ವರದಿಯ ಲೆಕ್ಕಪತ್ರದಲ್ಲಿ ಪ್ರತಿ ಖರ್ಚಿನ ಮುಂದೆ ಮೂರು ಅಂಕಿಗಳ ಕೋಡ್ ಇದೆ. ಮೊದಲ ಅಂಕಿ ಹಣದ ಮೂಲ: 1 ಝಕಾತ್, 2 ಸದಖಾ, 3 ಸಾಮಾನ್ಯ ದೇಣಿಗೆ. ಎರಡನೆಯದು ಉದ್ದೇಶ: 1 ಕಾಲೇಜು ಶುಲ್ಕ, 2 ಪುಸ್ತಕ, 3 ಹಾಸ್ಟೆಲ್, 4 ಕಚೇರಿ ವೆಚ್ಚ. ಮೂರನೆಯದು ಊರು: 1 ಶಿವಮೊಗ್ಗ, 2 ಭದ್ರಾವತಿ, 3 ಮಾಚೇನಹಳ್ಳಿ, ಕಚೇರಿ ವೆಚ್ಚಕ್ಕೆ 0. ಅಂದರೆ 113 ಎಂಬುದು ಮಾಚೇನಹಳ್ಳಿಯ ವಿದ್ಯಾರ್ಥಿಯ ಕಾಲೇಜು ಶುಲ್ಕಕ್ಕೆ ಹೋದ ಝಕಾತ್ ಹಣ.

ಇಷ್ಟು ಕಟ್ಟುನಿಟ್ಟು ಏಕೆ? ಬ್ಯಾಂಕಿನಲ್ಲಿ ಹಣವೆಲ್ಲ ಒಂದಾಗಿ ಕಂಡರೂ ಕೊಟ್ಟವರ ನಿಯ್ಯತ್ ಒಂದೇ ಅಲ್ಲ. ಝಕಾತ್ ಯಾರಿಗೆ ಸಲ್ಲಬೇಕೆಂದು ಸೂರಃ ತೌಬಾದ 60ನೇ ಆಯತ್ ಎಂಟು ವರ್ಗಗಳನ್ನು ಹೇಳಿದೆ. ಉಳಿದ ದೇಣಿಗೆಗೆ ಆ ಮಿತಿಯಿಲ್ಲ.

ಇಬ್ಬರು ವಿದ್ಯಾರ್ಥಿನಿಯರು ಅರ್ಜಿ ಹಾಕಿದ್ದಾರೆಂದು ಭಾವಿಸಿ. ಇಬ್ಬರಿಗೂ ಶುಲ್ಕ ಕಟ್ಟಲು ಕೈಯಲ್ಲಿ ಹಣವಿಲ್ಲ. ಆದರೆ ಒಬ್ಬಳ ಮನೆಯಲ್ಲಿ ನಿಸಾಬ್ ಮೀರುವಷ್ಟು ಚಿನ್ನವಿದೆ. ಆಕೆಗೆ ಝಕಾತ್ ಕೊಡಲಾಗದು, 3ರಿಂದ ಕೊಡಬಹುದು. ಎರಡೂ ನಿಧಿಗಳ ಶಿಲ್ಕು ಬೇರೆಬೇರೆಯಾಗಿ ತಿಳಿಯದಿದ್ದರೆ ಒಬ್ಬಳು ಬರಿಗೈಲಿ ಹೋಗುತ್ತಾಳೆ, ಇಲ್ಲವೇ ಬಡವರ ಹಕ್ಕು ತಪ್ಪಿಹೋಗುತ್ತದೆ.

ಬೆಂಗಳೂರಿನ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ‘ಕಾಸ್ಟ್ ಸೆಂಟರ್’ ಎಂಬ ಸೌಲಭ್ಯವಿದೆ. ವೋಚರ್ ಬರೆಯುವಾಗಲೇ ಖರ್ಚನ್ನು ಅದಕ್ಕೆ ಸೇರಿಸಿದರೆ ನಿಧಿವಾರು, ಊರುವಾರು ಪಟ್ಟಿ ಯಾವಾಗ ಬೇಕಾದರೂ ಸಿಗುತ್ತದೆ. ಕಚೇರಿ ಬಾಡಿಗೆ, ವಿದ್ಯುತ್ ಬಿಲ್ಲಿಗೆ ನಾವು ಝಕಾತ್ ಮುಟ್ಟುವುದಿಲ್ಲ. ಆದ್ದರಿಂದ 140 ಎಂಬ ಕೋಡ್ ನಮ್ಮ ಪುಸ್ತಕದಲ್ಲಿ ಇರಕೂಡದು. ಕಂಡರೆ ಕೇಳುವ ಹಕ್ಕು ನಿಮ್ಮದು. ತೆರಿಗೆ ವಿನಾಯಿತಿ ಪಡೆಯಲು ಟ್ರಸ್ಟ್‌ಗಳು ಆದಾಯದ ಶೇ. 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕು. ಲೆಕ್ಕ ಪರಿಶೋಧಕರಿಗೆ ಅದನ್ನು ತೋರಿಸಲೂ ಇದೇ ಪಟ್ಟಿ ನೆರವಾಗುತ್ತದೆ.

ನಿಮ್ಮಿಂದ ಬೇಕಾದದ್ದು ಇಷ್ಟು:

ದಾನಿಗಳು: ಹಣ ಕಳಿಸುವಾಗ ಝಕಾತ್, ಸದಖಾ ಅಥವಾ ಸಾಮಾನ್ಯ ಎಂದು ಬರೆಯಿರಿ. ₹2,000 ಮೀರಿದ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗದು. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕಳಿಸಿ.

ಪೋಷಕರು: ಅರ್ಜಿಯಲ್ಲಿ ಚಿನ್ನ, ಉಳಿತಾಯ, ಸಾಲದ ವಿವರ ಸರಿಯಾಗಿ ತುಂಬಿರಿ. ಚಿನ್ನ ಇದೆಯೆಂದು ಬರೆದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗದು; ಯಾವ ನಿಧಿಯಿಂದ ಕೊಡಬೇಕೆಂಬುದು ಅದರಿಂದ ತೀರ್ಮಾನವಾಗುತ್ತದೆ. ಝಕಾತ್ ಹಣ ಪಡೆಯುವವರ ಸ್ವಂತದ್ದಾಗಬೇಕು. ಆದ್ದರಿಂದ ಕಾಲೇಜಿಗೆ ನೇರವಾಗಿ ಶುಲ್ಕ ಕಟ್ಟುವ ಮೊದಲು ನಿಮ್ಮ ಪರವಾಗಿ ಕಟ್ಟಲು ಸಹಿ ಮಾಡಿದ ಒಪ್ಪಿಗೆ ಕೇಳುತ್ತೇವೆ.

ಈ ಹಣ ನಮ್ಮಲ್ಲಿರುವ ಅಮಾನತ್ತು. ಅಲ್ಲಾಹನು ದಾನಿಗಳ ನಿಯ್ಯತ್ ಸ್ವೀಕರಿಸಲಿ, ಮಕ್ಕಳ ಓದಿನಲ್ಲಿ ಬರಕತ್ ನೀಡಲಿ. ಆಮೀನ್.