ಲಸಿಕೆಯು ಕೂಸನ್ನು ಮುಟ್ಟುವ ದಾರಿ

ನಮ್ಮ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು 1985ರಲ್ಲಿ ಆರಂಭವಾಯಿತು. ಲಸಿಕೆಗಳು ಉಚಿತ, ಆದರೂ ಮೊದಲ ಸೂಜಿ ಹಾಕಿಸಿಕೊಂಡ ಕೆಲವು ಮಕ್ಕಳು ಮೂರನೆಯದಕ್ಕೆ ಬರುವುದಿಲ್ಲ. ಇದಕ್ಕೆ ತಾಯಂದಿರ ಅಲಕ್ಷ್ಯವೇ ಕಾರಣವೆಂದು ಹೇಳಿಬಿಡುವುದು ಸುಲಭ. ನಮಗೆ ಅದು ನ್ಯಾಯವೆಂದು ತೋರುವುದಿಲ್ಲ.

ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಕಾಪಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಕಪೆಟ್ಟಿಗೆಯಿಂದ ಹೊರಟ ಸೀಸೆಯು ಮಂಜುಗಡ್ಡೆಯ ಪೊಟ್ಟಣಗಳಿರುವ ಡಬ್ಬಿಯಲ್ಲಿ ಅಂಗನವಾಡಿಯನ್ನು ತಲುಪುತ್ತದೆ. ಅನೇಕ ಸೀಸೆಗಳ ಮೇಲೆ ಒಂದು ವೃತ್ತವೂ ಅದರೊಳಗೊಂದು ಚೌಕವೂ ಇರುತ್ತವೆ. ಬಿಸಿ ತಗುಲಿದಷ್ಟೂ ಚೌಕವು ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಆ ಲಸಿಕೆಯನ್ನು ಬಳಸಲಾಗದು. ಅತಿಶೀತವೂ ಕೇಡೇ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದವನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯು ಒಮ್ಮೆ ಹೆಪ್ಪುಗಟ್ಟಿದರೆ ಸತ್ವ ಕಳೆದುಕೊಳ್ಳುತ್ತದೆ, ಅದನ್ನು ಈ ಚೌಕವು ತೋರಿಸದು. ಆದುದರಿಂದಲೇ ಆರೋಗ್ಯ ಸಹಾಯಕಿಯು ಪೊಟ್ಟಣಗಳನ್ನು ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಡಬ್ಬಿಯಲ್ಲಿಡುತ್ತಾರೆ. ದಡಾರ-ರುಬೆಲ್ಲಾ ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಕಲಸಿದರೆ ನಾಲ್ಕು ಗಂಟೆಗಳೊಳಗೆ ಮುಗಿಸಬೇಕು. ಗೊತ್ತಾದ ದಿನವೇ ಮಕ್ಕಳನ್ನು ಕೂಡಿಸುವುದರ ಹಿಂದೆ ಇಂಥ ಕಾರಣಗಳಿವೆ.

ಆ ದಿನ ಕೂಲಿ ಬಿಟ್ಟು ಬರಲಾಗದ ತಾಯಿಯ ಕೂಸು ಹೊರಗುಳಿಯುತ್ತದೆ. ಇನ್ನೂ ಕಷ್ಟವಾದುದು ಗುಳೆ ಹೋಗುವವರ ಪಾಡು. ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯ ಕುಟುಂಬಗಳು ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ತಿಂಗಳುಗಟ್ಟಲೆ ಊರು ಬಿಡುತ್ತವೆ. ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಮಗುವಿನ ಹೆಸರಿರುತ್ತದೆ, ಮಗು ಇರುವುದಿಲ್ಲ. ಹೋದ ಊರಲ್ಲಿ ಮಗುವಿರುತ್ತದೆ, ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಬಿಟ್ಟುಹೋದ ಮಕ್ಕಳನ್ನು ಅರಸಿ ಲಸಿಕೆ ಹಾಕಲೆಂದೇ 2014ರ ಡಿಸೆಂಬರಿನಲ್ಲಿ ಇಂದ್ರಧನುಷ್ ಅಭಿಯಾನವು ಆರಂಭವಾಯಿತು. ಇಟ್ಟಿಗೆ ಭಟ್ಟಿ, ಕಟ್ಟಡ ಕಾಮಗಾರಿ, ಅಲೆಮಾರಿಗಳ ಬಿಡಾರಗಳಿಗೆ ತಾನೇ ಹೋಗುವುದು ಅದರ ಕ್ರಮ. ಪೋಲಿಯೊ ಹನಿಗಳನ್ನು ಬಸ್ ನಿಲ್ದಾಣಗಳಲ್ಲಿಯೂ ಚಲಿಸುವ ರೈಲುಗಳಲ್ಲಿಯೂ ಹಾಕಿದ ನಾಡು ನಮ್ಮದು. 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತವೆಂಬ ಮನ್ನಣೆ ದೊರೆತುದು ಹಾಗೆ.

ಸದ್ಭಕ್ತರು ಎರಡು ಸಂಗತಿಗಳನ್ನು ತಿಳಿದಿರಬೇಕು. ಸೂಜಿಯ ನಂತರ ಒಂದೆರಡು ದಿನ ಸಣ್ಣ ಜ್ವರ ಬರುವುದು ಸಾಮಾನ್ಯ; ಅದಕ್ಕಂಜಿ ಮುಂದಿನ ಸೂಜಿಯನ್ನು ಬಿಡಬಾರದು. ಆದರೆ ಫಿಟ್ಸ್ ಬಂದರೆ ಅಥವಾ ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಇನ್ನು, ವಾರಗಳು ತಪ್ಪಿದ್ದರೂ ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ತಾಯಿ ಕಾರ್ಡ್ ಜೊತೆಗಿದ್ದರೆ ಯಾವ ಊರಿನ ಸರ್ಕಾರಿ ಕೇಂದ್ರದಲ್ಲಾದರೂ ಲಸಿಕೆ ಹಾಕಿಸಬಹುದು. ಕಾರ್ಡ್ ಕಳೆದುಹೋಗಿದ್ದರೂ ಮಗುವನ್ನು ಕರೆದೊಯ್ಯಲು ಹಿಂಜರಿಯಬೇಡಿ.

ನಮ್ಮ ಭಕ್ತರಲ್ಲಿ ಕಬ್ಬು ಬೆಳೆಯುವವರಿದ್ದೀರಿ, ಕಟ್ಟಡ ಕಟ್ಟಿಸುವವರಿದ್ದೀರಿ. ಹೊಲಕ್ಕೆ ಕಡಿಯುವವರ ಗುಂಪು ಬಂದಿಳಿದ ದಿನವೇ ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟೆಂದು ಕೇಳಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಲಸಿಕೆಯ ದಿನದಂದು ತಾಯಿಗೆ ಅರ್ಧ ದಿನದ ಬಿಡುವನ್ನು ಕೂಲಿ ಕಡಿಯದೆ ಕೊಡಿರಿ.